ಎತ್ತಿಗಿದ್ದ ಸೋಮವಾರ

ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಶಿವಮೂರ್ತಪ್ಪನ ಖಾನಾವಳಿಯ ಗೋಡೆಯ ಮೇಲೆ ಬಸವಣ್ಣನ ಪಟ ಒಂದು, ಮಠದ ಹಿರಿಯ ಸ್ವಾಮಿಗಳ ಪಟ ಒಂದು, ಸರ್ಕಾರದ ಪಟ ಆರು ಇದ್ದವು. ಲೈಸೆನ್ಸು, ನೋಂದಣಿ ಪತ್ರ, ಕನಿಷ್ಠ ಕೂಲಿಯ ಪಟ್ಟಿ, ಅಂಗಡಿ ಕಾಯ್ದೆಯ ಸಾರಾಂಶ, ಹೀಗೆ ಸರ್ಕಾರದ್ದು ಯಾವ ಕಾಗದ ಕೈಗೆ ಬಂದರೂ ಶಿವಮೂರ್ತಪ್ಪ ಅದನ್ನು ಬೀರೂರಿಗೆ ಒಯ್ದು ಗಾಜು ಹಾಕಿಸಿ ತರುತ್ತಿದ್ದ. ಅದನ್ನು ಓದಿದ್ದಾನೆಯೇ ಎಂದು ಯಾರೂ ಕೇಳಿರಲಿಲ್ಲ. ಸ್ವಾಮಿಗಳ ಪಟವನ್ನೂ ಯಾರೂ ಓದುವುದಿಲ್ಲವಷ್ಟೆ.

ಪ್ರತಿ ಸೋಮವಾರ ಎಂಟೂ ಪಟಗಳನ್ನು ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಹೂವು ಸಿಕ್ಕಿಸುವುದು ಅವನ ಹೆಂಡತಿ ವಿಶಾಲಾಕ್ಷಮ್ಮನ ಕೆಲಸ. ಅವಳು ದೇವರು, ಸರ್ಕಾರ ಎಂದು ಭೇದ ಮಾಡಿದವಳಲ್ಲ. ಎರಡಕ್ಕೂ ಹೆದರಿ ನಡೆಯಬೇಕು, ಎರಡೂ ಕರೆದಾಗ ಬರುವುದಿಲ್ಲ, ಕರೆಯದೆ ಬಂದರೆ ಕಷ್ಟ, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಸೋಮವಾರವೇ ಯಾಕೆ ಅಂದರೆ ಅಂದು ಗಿರಾಕಿ ಕಡಿಮೆ. ಸೋಮವಾರ ಸುತ್ತಿನ ಹಳ್ಳಿಗಳಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನೊಗ ಇಲ್ಲದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಶೇಂಗಾ, ಈರುಳ್ಳಿ ಮಂಡಿಗಳು ಆಕಳಿಸುತ್ತ ಕೂತಿರುತ್ತವೆ. ರೈಲಿನಿಂದಿಳಿದ ಹತ್ತು ಹದಿನೈದು ಜನ ಊಟಕ್ಕೆ ಬಂದರೆ ಹೆಚ್ಚು. ಆದರೂ ಒಲೆ ಉರಿಯಲೇಬೇಕು. "ನಲವತ್ತೊಂಬತ್ತನೇ ಇಸವಿಯಿಂದ ಈ ಒಲೆ ಒಂದು ದಿನ ಆರಿಲ್ಲ" ಎನ್ನುವುದು ಶಿವಮೂರ್ತಪ್ಪನ ಹೆಮ್ಮೆ. ಆ ಒಲೆಯ ಮುಂದೆ ಯಾರು ಕೂತಿದ್ದರು ಎನ್ನುವ ಮಾತು ಆ ಹೆಮ್ಮೆಯಲ್ಲಿ ಸೇರಿರಲಿಲ್ಲ. ಸೌದೆ ತರುವ ಮನೆಯ ಜೋಡೆತ್ತು ಸೋಮವಾರ ಹಿತ್ತಿಲಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಅಡಿಗೆಮನೆಯ ಕಿಟಕಿಯಿಂದ ವಿಶಾಲಾಕ್ಷಮ್ಮನಿಗೆ ಅವು ಕಾಣುತ್ತಿದ್ದವು, ಅವಕ್ಕೆ ಅವಳು ಕಾಣುತ್ತಿದ್ದಳು.

ಖಾನಾವಳಿಯ ಬೆನ್ನಿಗೇ ಮನೆ. ಗಿರಾಕಿಗೂ ಮನೆಯವರಿಗೂ ಒಂದೇ ಅಡಿಗೆ. ಮಗ ಬಸವರಾಜ ಗಲ್ಲಾದ ಮೇಲೆ, ಸೊಸೆ ಮಲ್ಲಿಕಾಂಬ ಅತ್ತೆಯ ಜೊತೆ ಒಲೆಯ ಮುಂದೆ, ಶಿವಮೂರ್ತಪ್ಪನ ತಾಯಿ ತೀರ್ಥಮ್ಮಜ್ಜಿ ಈಳಿಗೆ ಮಣೆಯ ಮುಂದೆ. ಸಂಬಳದವರು ಮೂವರು: ಬಡಿಸಲು ಚೌಡಪ್ಪ, ನೀರು ನಿಡಿಗೆ ತಿಮ್ಮಪ್ಪ, ಪಾತ್ರೆ ತೊಳೆದು ಖಾರ ರುಬ್ಬಲು ಪಾಪಮ್ಮ.

ಕಾನೂನಿನ ಜೊತೆ ಹೆಜ್ಜೆ ಹಾಕಲು ಶಿವಮೂರ್ತಪ್ಪ ತರೀಕೆರೆಯಲ್ಲಿ ಒಬ್ಬರನ್ನು ಇಟ್ಟುಕೊಂಡಿದ್ದ. ದೇವೀರಪ್ಪ ಅಂತ, ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ರಿಟೈರಾದವರು. ಸರ್ಕಾರ ಏನಾದರೂ ಹೊಸದು ಹೊರಡಿಸಿದರೆ ಅವರಿಂದ ಒಂದು ಕಾರ್ಡು ಬರುತ್ತಿತ್ತು: 'ಕಾಯ್ದೆ ಬದಲಾಗಿದೆ. ಬಂದು ಕಾಣುವುದು.' ಶಿವಮೂರ್ತಪ್ಪ ಹೋಗಿ, ಎರಡು ರೂಪಾಯಿ ಕೊಟ್ಟು, ಒಂದು ಫಾರಂ ತಂದು, ಗಾಜು ಹಾಕಿಸುತ್ತಿದ್ದ. ಇಷ್ಟು ಮಾಡಿದ ಮೇಲೆ ಕಾನೂನು ಪಾಲಿಸಿದ ತೃಪ್ತಿ ಅವನಿಗೆ ಸಂಪೂರ್ಣವಾಗಿ ಆಗುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಆಷಾಢದಲ್ಲಿ, ಒಂದು ಮಂಗಳವಾರ, ಕೈಚೀಲ ಹಿಡಿದ ಸಣಕಲು ಮನುಷ್ಯರೊಬ್ಬರು ಹನ್ನೆರಡರ ರೈಲಿಳಿದು ಬಂದು ಮುದ್ದೆ, ಬಸ್ಸಾರು ಊಟ ಮಾಡಿದರು. ಎರಡನೇ ಸಲ ಸಾರು ಹಾಕಿಸಿಕೊಂಡರು. ಕೈ ತೊಳೆದು, ಊಟದ ದುಡ್ಡನ್ನು ಗಲ್ಲಾದ ಮೇಲಿಟ್ಟು, ಆಮೇಲೆ ಚೀಲದ ಬಾಯಿ ಬಿಚ್ಚಿ, "ನಾನು ಲೇಬರ್ ಇನ್ಸ್‌ಪೆಕ್ಟರ್" ಅಂದರು.

ಶಿವಮೂರ್ತಪ್ಪ ಹೆದರಿ ಎದ್ದು ನಿಂತ. ಊಟದ ದುಡ್ಡು ಕೊಡುವ ಅಧಿಕಾರಿಯನ್ನು ಅವನು ಈವರೆಗೆ ನೋಡಿರಲಿಲ್ಲ.

"ಹಾಜರಿ ಪುಸ್ತಕ ಕೊಡಿ."

ಪುಸ್ತಕ ಕೆಂಪು ಬಟ್ಟೆಯಲ್ಲಿ ಸುತ್ತಿ ಅಚ್ಚುಕಟ್ಟಾಗಿತ್ತು. ಒಂದು ಚಿತ್ತಿಲ್ಲ, ಕಾಟಿಲ್ಲ. ಇನ್ಸ್‌ಪೆಕ್ಟರು ಹಾಳೆ ತಿರುವುತ್ತ ಹೋದರು, ನಿಂತರು, ಮತ್ತೆ ಹಿಂದಕ್ಕೆ ತಿರುವಿದರು.

"ಇವತ್ತು ತಾರೀಕೆಷ್ಟು ಯಜಮಾನ್ರೇ?"

"ಜುಲೈ ಹದಿನೆಂಟು ಸ್ವಾಮಿ."

"ಇಲ್ಲಿ ಚೌಡಪ್ಪ ಅನ್ನೋರು ಸೆಪ್ಟೆಂಬರ್ ಇಪ್ಪತ್ತಕ್ಕೆ ಹಾಜರಿದಾರೆ."

"ಇರ್ತಾನೆ ಸ್ವಾಮಿ. ನಂಬಿಗಸ್ತ."

ಸಾರಿನ ಬಕೀಟು ಹಿಡಿದು ನಿಂತಿದ್ದ ಚೌಡಪ್ಪ ಹೌದೆಂದು ತಲೆಯಾಡಿಸಿದ.

ಆದದ್ದಿಷ್ಟು. ದೀಪಾವಳಿ ಪಾಡ್ಯದ ದಿನ ಹೊಸ ಪುಸ್ತಕಗಳಿಗೆ ಪೂಜೆ ಮಾಡಿ, ಅಂದು ಬರೆದದ್ದು ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆಯಿಂದ ನಾಕು ಅಕ್ಷರ ಬರೆಯುವುದು ವರ್ತಕರ ಮನೆಗಳಲ್ಲಿ ವಾಡಿಕೆ. ಎಲ್ಲರೂ ಲಾಭ ಅಂತ ಬರೆದು ಮುಗಿಸುತ್ತಾರೆ. ಶಿವಮೂರ್ತಪ್ಪನಿಗೆ ಅಷ್ಟು ಸಾಲಲಿಲ್ಲ. ಅಂದೇ ಕೂತು ಮೂರೂ ಜನರ ಹಾಜರಿಯನ್ನು ಮುಂದಿನ ದೀಪಾವಳಿಯವರೆಗೆ, ಒಂದು ದಿನ ಬಿಡದೆ ಬರೆದಿಟ್ಟಿದ್ದ. ಆಳುಗಳು ವರ್ಷವಿಡೀ ಕೈಬಿಡದಿರಲಿ ಎಂಬ ಹಾರೈಕೆಯೂ ಅದರಲ್ಲಿತ್ತು, ದಿನಾ ಪುಸ್ತಕ ತೆಗೆಯುವ ತಾಪತ್ರಯ ತಪ್ಪಲಿ ಎಂಬುದೂ ಇತ್ತು.

"ತಿಮ್ಮಪ್ಪನವರ ಮದುವೆ ಯಾವಾಗಾಯ್ತು?" ಇನ್ಸ್‌ಪೆಕ್ಟರು ನೀರಿನ ಕೊಡ ಹೊತ್ತವನ ಕೈಯ ಹೊಸ ಕಂಕಣದ ದಾರ ನೋಡಿ ಕೇಳಿದರು.

"ಹೋದ ತಿಂಗ್ಳು ಒಂಬತ್ತನೇ ತಾರೀಕು, ಸಾರ್. ಹೊಸದುರ್ಗದ ಕಡೆ" ಅಂದ ತಿಮ್ಮಪ್ಪ, ನಾಚಿಕೊಂಡು.

"ಒಂಬತ್ತಕ್ಕೆ ಇಲ್ಲೇ ಹಾಜರಿದೀರಿ. ಹುಡುಗಿಗೆ ತಾಳಿ ಕಟ್ಟಿದೋರು ಯಾರು ಮತ್ತೆ?"

ಶಿವಮೂರ್ತಪ್ಪ ಮೇಲೆ ನೋಡಿದ. ಅಲ್ಲಿ ಬಸವಣ್ಣನಿದ್ದ, ಸಹಾಯಕ್ಕೆ ಬರಲಿಲ್ಲ.

"ವಾರದ ರಜೆ ಯಾವತ್ತು ಕೊಡ್ತೀರಿ ಇವರಿಗೆ?"

"ಅಂಥಾ ರೂಲ್ಸು ಇದ್ದಿದ್ರೆ ನಾನು ಕೊಡ್ತಿರಲಿಲ್ವಾ ಸ್ವಾಮಿ? ನೋಡಿ, ಕಾಯ್ದೆ ಗೋಡೆ ಮೇಲೇ ಹಾಕಿದೀನಿ."

ಇನ್ಸ್‌ಪೆಕ್ಟರು ಎದ್ದು ಪಟದ ಹತ್ತಿರ ಹೋದರು. ಕರವಸ್ತ್ರ ತೆಗೆದು ಗಾಜಿನ ಮೇಲಿನ ವಿಭೂತಿಯ ನಡುಗೆರೆಯನ್ನು ಮೆಲ್ಲಗೆ ಒರೆಸಿದರು. ಅದರ ಕೆಳಗಿಂದ ಒಂದು ಸಾಲು ಎದ್ದು ಬಂತು: ಪ್ರತಿಯೊಬ್ಬ ನೌಕರನಿಗೂ ವಾರಕ್ಕೆ ಒಂದು ಪೂರ್ಣ ದಿನ, ಸಂಬಳ ಕಡಿತವಿಲ್ಲದ ರಜೆ. ಇನ್ಸ್‌ಪೆಕ್ಟರು ಗಟ್ಟಿಯಾಗಿ ಓದಿದರು. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ವಿಶಾಲಾಕ್ಷಮ್ಮ ತನ್ನ ಮೂರು ಬೆರಳು ನೋಡಿಕೊಂಡಳು. ಎಷ್ಟು ವರ್ಷದಿಂದ ಆ ಸಾಲಿನ ಮೇಲೆಯೇ ಎಳೆದಿದ್ದಳೋ.

"ಅಡಿಗೆಗೆ ಯಾರಿದಾರೆ?"

"ಮನೆಯವರೇ ಸ್ವಾಮಿ. ನಮ್ಮ ಹೆಂಗಸ್ರು, ಸೊಸೆ."

"ಸಂಬಳ?"

"ಮನೆಯವರಿಗೆ ಎಂಥ ಸಂಬಳ?"

"ಹಾಗಾದ್ರೆ ಅವರು ನನ್ನ ಲೆಕ್ಕಕ್ಕೆ ಬರಲ್ಲ" ಎಂದು ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. ತಿಂಗಳ ಗಡುವು, ಅಷ್ಟರೊಳಗೆ ಎಲ್ಲರಿಗೂ ರಜೆ ಗೊತ್ತುಮಾಡಿ ಬೋರ್ಡು ಹಾಕಬೇಕು, ಪುಸ್ತಕ ನಡೆದ ಹಾಗೆ ಬರೆಯಬೇಕು, ಇಲ್ಲದಿದ್ದರೆ ಕೋರ್ಟು ಎಂದು ಭೇಟಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಹೋಗುವಾಗ, "ಬಸ್ಸಾರು ಚೆನ್ನಾಗಿತ್ತು" ಅಂದರು. ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಒಳಗೆ, ಒಂದು ಸೌಟು ಕೆಳಗೆ ಬಿದ್ದ ಶಬ್ದವಾಯಿತು. ಬೀಳಿಸಿದವಳು ಮಲ್ಲಿಕಾಂಬ. ಕೈ ಜಾರಿ ಬಿದ್ದದ್ದಲ್ಲ ಎಂದು ವಿಶಾಲಾಕ್ಷಮ್ಮನಿಗೆ ಅನುಮಾನ ಬಂತು.

ಮಾರನೇ ದಿನವೇ ಶಿವಮೂರ್ತಪ್ಪ ತರೀಕೆರೆಗೆ ಹೋಗಿ ಬಂದ. ದೇವೀರಪ್ಪ ಒಂದು ರಟ್ಟಿನ ಬೋರ್ಡು ಕೊಟ್ಟು, ಉಪಾಯವನ್ನೂ ಕೊಟ್ಟಿದ್ದರು. ಎಲ್ಲರಿಗೂ ಒಂದೇ ದಿನ ರಜೆ ಕೊಟ್ಟು ಬಾಗಿಲು ಹಾಕುವುದೇಕೆ? ಗುರುವಾರ ಚೌಡಪ್ಪ, ಶನಿವಾರ ತಿಮ್ಮಪ್ಪ, ಬುಧವಾರ ಪಾಪಮ್ಮ.

"ಒಬ್ಬರಿಲ್ಲದ ದಿನ ಅವರ ಕೆಲಸ?" ಊಟಕ್ಕೆ ಕೂತಾಗ ಬಸವರಾಜ ಕೇಳಿದ.

"ನೀನಿಲ್ವಾ? ಚೌಡಪ್ಪನ ದಿನ ನೀನು ಬಡ್ಸು. ಪಾಪಮ್ಮನ ದಿನ ಮನೆಯವ್ರು ನೋಡ್ಕತಾರೆ. ಎಷ್ಟು ಮಹಾ, ಎಂಬತ್ತು ತಟ್ಟೆ."

"ಎಂಬತ್ತು ಬೆಳಗ್ಗೆ. ಮತ್ತೆ ಸಂಜೆ?" ಮಲ್ಲಿಕಾಂಬ ಬಾಗಿಲ ಹಿಂದಿನಿಂದ ಕೇಳಿದಳು.

"ಸಂಜೆದು ಸಂಜೆಗೆ" ಅಂದ ಶಿವಮೂರ್ತಪ್ಪ.

ಸೊಸೆ ಕಡೂರಿನವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಬೆಲ್ಲ ಕಟ್ಟಿ ಬಂದ ಪೇಪರನ್ನೂ ಬಿಡಿಸಿ ಓದಿಯೇ ಒಲೆಗೆ ಹಾಕುತ್ತಿದ್ದಳು. ಮದುವೆಯಾಗಿ ಬಂದ ನಾಕು ವರ್ಷದಲ್ಲಿ ಅತ್ತೆಗೂ ಅವಳಿಗೂ ಜಗಳವೆಂದು ಆದದ್ದಿಲ್ಲ, ಜಗಳವಾಡಲು ಪುರುಸೊತ್ತು ಸಿಕ್ಕಿರಲಿಲ್ಲ.

ಮೊದಲ ಬುಧವಾರ ಬಂತು. ಅತ್ತೆ ಸೊಸೆ ಕೋಳಿ ಕೂಗುವ ಮುಂಚೆ ಎದ್ದು, ಒಬ್ಬಳು ಒರಳಿಗೆ, ಒಬ್ಬಳು ಒಲೆಗೆ ಎಂದು ಹಂಚಿಕೊಂಡರು. ಮಲ್ಲಿಕಾಂಬನ ಅಂಗೈ ಖಾರಕ್ಕೆ ಉರಿಯಿತು. ಹನ್ನೊಂದು ಗಂಟೆಗೆ ಚೌಡಪ್ಪ ಒಳಗೆ ಬಂದು, ಮುಖ ಒಂದು ಥರಾ ಮಾಡಿಕೊಂಡು, "ಅಮ್ಮಾರೆ, ಒಂದೂಟ, ಪಾಪಮ್ಮಂಗೆ" ಅಂದ.

"ಅವಳಿಗೆ ಇವತ್ತು ರಜೆ ಅಲ್ವೇನೋ?"

"ರಜಕ್ಕೇ ಬಂದವ್ಳೆ. ಕಾಸು ಕೊಟ್ಟು ಚೀಟಿ ತಗಂಡು ಕುಂತವ್ಳೆ."

ವಿಶಾಲಾಕ್ಷಮ್ಮ ಹೊರಗೆ ಇಣುಕಿದಳು. ಪಾಪಮ್ಮ ಒಗೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ, ಕನಕಾಂಬರ ಮುಡಿದು, ಗಿರಾಕಿಗಳ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತಿದ್ದಳು.

"ಇದೇನೇ ಪಾಪಮ್ಮ, ಹೊಸ ಆಟ?"

"ತೆಪ್ಪು ತಿಳ್ಕಬ್ಯಾಡ್ರವ್ವ. ಎಂಟೊರ್ಸ ಇಲ್ಲಿ ತಟ್ಟೆ ತೊಳ್ದಿದೀನಿ. ತಣ್ಣಗಾದ್ದೇ ತಿಂದಿದೀನಿ. ಬಿಸೀದು ಹೆಂಗಿರ್ತದೆ, ಕುಂತು ನೋಡಾಣ ಅಂತ."

"ಹೆಂಗೈತೆ?" ಅಂದ ಚೌಡಪ್ಪ, ಮುದ್ದೆ ಇಟ್ಟು.

ಪಾಪಮ್ಮ ಆತುರಪಡಲಿಲ್ಲ. ಮುರಿದು, ಅದ್ದಿ, ನುಂಗಿ, ಯೋಚಿಸಿ, "ಉಪ್ಪು ಒಂದು ಕಲ್ಲು ಕಮ್ಮಿ" ಅಂದಳು. ಪಕ್ಕದಲ್ಲಿದ್ದ ಮಂಡಿಯವರು ಹೌದು ಅಂದರು. ಆ ತಟ್ಟೆಯನ್ನು ತೊಳೆದವಳು ಮಲ್ಲಿಕಾಂಬ.

ಅಂದು ಮಧ್ಯಾಹ್ನ ಮೂರೂವರೆಗೆ ವಿಶಾಲಾಕ್ಷಮ್ಮ ಎಂದಿನಂತೆ ತಪ್ಪಲೆಯ ತಳದ ಅನ್ನವನ್ನು ತಟ್ಟೆಗೆ ಹಾಕಿಕೊಂಡು, ಕಿಟಕಿಗೆ ಒರಗಿ ನಿಂತೇ ಉಂಡಳು. ಅನ್ನ ಆರಿತ್ತು. ಮೂವತ್ತು ವರ್ಷದಿಂದ ಆರಿದ್ದನ್ನೇ ಉಂಡಿದ್ದಳು, ಯಾವತ್ತೂ ಅದು ಆರಿದೆ ಅನ್ನಿಸಿರಲಿಲ್ಲ. ಈ ಪಾಪಮ್ಮನ ದೆಸೆಯಿಂದ ಇವತ್ತು ಅನ್ನಿಸಿಬಿಟ್ಟಿತಲ್ಲ ಎಂದು ಸಿಟ್ಟು ಬಂತು.

ಸಿಟ್ಟು ತೀರಿಸಲು ಎರಡು ದಿನದಲ್ಲೇ ಕಾರಣ ಸಿಕ್ಕಿತು. ಮಲ್ಲಿಕಾಂಬ ಮಾವನಿಗೆ ಕಾಫಿ ಲೋಟದ ಜೊತೆ ಒಂದು ಕಾಗದವನ್ನೂ ಕೊಟ್ಟಳು. ಶಿವಮೂರ್ತಪ್ಪ ಕನ್ನಡಕ ಹುಡುಕಿ ಓದಿದ. ಮಾಲೀಕರ ಸನ್ನಿಧಿಗೆ, ಎಂದು ಶುರುವಾಗಿತ್ತು. ಖಾನಾವಳಿಯಲ್ಲಿ ಅಡಿಗೆ ಕೆಲಸಕ್ಕೆ ತನ್ನನ್ನು ನೇಮಿಸಿಕೊಂಡು ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಬೇಕಾಗಿ ಪ್ರಾರ್ಥನೆ. ವಿದ್ಯಾರ್ಹತೆ, ಎಸ್ಸೆಸ್ಸೆಲ್ಸಿ. ಅನುಭವ, ಇದೇ ಖಾನಾವಳಿಯಲ್ಲಿ ನಾಲ್ಕು ವರ್ಷ.

"ಏನಮ್ಮಾ ಇದು?"

"ಅರ್ಜಿ, ಮಾವ."

"ಮನೆ ಸೊಸೆ ಮನೇಲೇ ಕೂಲಿಗೆ ಅರ್ಜಿ ಹಾಕೋದಾ? ಊರೋರು ಕೇಳಿದ್ರೆ ಯಾತರಲ್ಲಿ ನಗ್ತಾರೆ ಹೇಳು" ಎಂದು ಮಧ್ಯೆ ಬಾಯಿ ಹಾಕಿದವಳು ವಿಶಾಲಾಕ್ಷಮ್ಮ.

"ಕೂಲಿ ಬ್ಯಾಡ ಅತ್ತೆ. ಪುಸ್ತಕದಲ್ಲಿ ಹೆಸರೊಂದು ಇದ್ರೆ ರಜ ಅದರ ಹಿಂದೇನೇ ಬತ್ತದೆ. ಪಾಪಮ್ಮಂಗೆ ಬರ್ಲಿಲ್ವಾ?"

"ಪಾಪಮ್ಮಂಗೂ ನಿಂಗೂ ಸಮಾನಾ ಏನೇ?"

"ಎಲ್ಲಿ ಸಮ? ಅವಳಿಗೆ ವಾರಕ್ಕೊಂದಿನ ಐತೆ."

"ನಾನು ಬಂದು ಮೂವತ್ತೊರ್ಸ ಆಯ್ತು. ಒಂದಿನ ಕೇಳಿದ್ನಾ ನಿಮ್ಮ ಮಾವನ್ನ, ರಜ ಕೊಡಿ ಅಂತ?"

"ಕೇಳ್ಬೇಕಿತ್ತು ನೀವು" ಅಂದಳು ಮಲ್ಲಿಕಾಂಬ. ಅವಳ ದನಿ ಏರಿರಲಿಲ್ಲ, ಅದೇ ವಿಶಾಲಾಕ್ಷಮ್ಮನಿಗೆ ಹೆಚ್ಚು ಚುಚ್ಚಿತು. "ನೀವು ಕೇಳಿದ್ರೆ ಇವತ್ತು ನಂಗೆ ಕೇಳೋ ತಾಪತ್ರಯ ಇರ್ತಿರಲಿಲ್ಲ. ಪಂಚಮಿಗೆ ನಮ್ಮಣ್ಣ ಕರೆಯೋಕೆ ಬತ್ತಾನೆ. ಹೋಗ್ತೀನಿ. ತಿರುಗಿ ಬರೋದು ಈ ಅರ್ಜಿ ಏನಾಗ್ತದೆ ನೋಡ್ಕಂಡು."

ಶಿವಮೂರ್ತಪ್ಪ ಮಗನ ಕಡೆ ನೋಡಿದ. ಬಸವರಾಜ ಗಲ್ಲಾದ ಚಿಲ್ಲರೆಯನ್ನು ಹತ್ತರ ಗುಡ್ಡೆ, ಐದರ ಗುಡ್ಡೆ ಮಾಡುತ್ತ, ತಲೆ ಎತ್ತದೆ ಹೇಳಿದ: "ಬೀರೂರಲ್ಲಿ ಕೊಬ್ಬರಿ ಮಂಡಿಯೋರು ಗುಮಾಸ್ತನ ಕೆಲಸಕ್ಕೆ ಕರೀತಾವ್ರೆ, ಅಪ್ಪಾಜಿ. ಒಂದು ರೂಮೂ ಕೊಡ್ತಾರಂತೆ."

ವಿಶಾಲಾಕ್ಷಮ್ಮ ಮಗನ ಕಡೆ ತಿರುಗಿದಳು. ಬೀರೂರಿನ ರೂಮು ಅಂದರೆ ಅಲ್ಲಿ ಇನ್ನೊಂದು ಒಲೆ. ಇರುವ ಒಬ್ಬ ಮಗ, ಒಬ್ಬ ಸೊಸೆ. ಅವರು ಎದ್ದು ಹೋದರೆ ಈ ಒಲೆಯ ಮುಂದೆ ಅವಳೊಬ್ಬಳೇ. ಪಂಚಮಿಗೆ ಇನ್ನು ಉಳಿದದ್ದು ಹನ್ನೊಂದು ದಿನ.

ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟರು. ಅಡಿಗೆಮನೆಯಲ್ಲಿ ಮಾತು ಬಿಟ್ಟರೆ ಕೆಲಸ ಸಾಗುವುದಿಲ್ಲ, ಆದ್ದರಿಂದ ಇಬ್ಬರೂ ತೀರ್ಥಮ್ಮಜ್ಜಿಗೆ ಹೇಳುತ್ತಿದ್ದರು. "ಅಜ್ಜಿ, ಬೇಳೆ ಬೆಂದೈತಾ ಕೇಳ್ರಿ" ಎಂದು ಸೊಸೆ. "ಅತ್ತೆ, ಬೆಂದೈತೆ ಅನ್ರಿ" ಎಂದು ವಿಶಾಲಾಕ್ಷಮ್ಮ. ಎಪ್ಪತ್ತೆಂಟು ವರ್ಷದ ಅಜ್ಜಿ ಬದನೆಕಾಯಿ ಹೆಚ್ಚುತ್ತ, "ನಂಗೆ ಒಂದು ಕಿವಿ ಕೇಳಲ್ಲ ಕಣ್ರೇ, ಇಬ್ರೂ ಒಂದೇ ಕಡೆಯಿಂದ ಮಾತಾಡ್ರಿ" ಅನ್ನುತ್ತಿದ್ದಳು.

ಗುರುವಾರ ಬಸವರಾಜ ಬಡಿಸಲು ನಿಂತು, ಸ್ಟೇಷನ್ ಮಾಸ್ತರರ ಷರಟಿಗೆ ಸಾರು ಚೆಲ್ಲಿದ. ಶನಿವಾರ ತಿಮ್ಮಪ್ಪನ ಬದಲು ಶಿವಮೂರ್ತಪ್ಪನೇ ಬಾವಿಯಿಂದ ನೀರು ಸೇದಿ, ಭಾನುವಾರ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡ. ಆದರೂ, "ಕಾನೂನು ಅಂದ ಮೇಲೆ ನಡೀಬೇಕು" ಅನ್ನುತ್ತಿದ್ದ.

ಎರಡನೇ ಬುಧವಾರ ಹನ್ನೆರಡರ ರೈಲು ಬರುವ ಹೊತ್ತಿಗೆ ವಿಶಾಲಾಕ್ಷಮ್ಮ ಅನ್ನದ ದೊಡ್ಡ ತಪ್ಪಲೆ ಬಗ್ಗಿಸಿ ಗಂಜಿ ಬಸಿಯುತ್ತಿದ್ದಳು. ಬೆಳಗಿನಿಂದ ಒರಳ ಮುಂದೆ ಬಗ್ಗಿದ್ದ ಸೊಂಟ ಅಲ್ಲೇ ಹಿಡಿದುಕೊಂಡಿತು. ಮುಂದಕ್ಕೆ ಬಾರಳು, ಹಿಂದಕ್ಕೆ ಬಾರಳು. ಗಂಜಿ ಮುಂಗೈ ಮೇಲೆ ಹರಿಯಿತು. ತಪ್ಪಲೆ ಮಾತ್ರ ಬಿಡಲಿಲ್ಲ. ಬಿಟ್ಟರೆ ನಲವತ್ತು ಜನರ ಅನ್ನ.

ಮಲ್ಲಿಕಾಂಬ ಓಡಿ ಬಂದು ತಪ್ಪಲೆ ಹಿಡಿದು ಇಳಿಸಿದಳು. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಕೈಯನ್ನು ತಣ್ಣೀರಲ್ಲಿ ಅದ್ದಿಸಿ ಹಿಡಿದುಕೊಂಡಳು. ಮಾತು ಬಿಟ್ಟದ್ದು ಇಬ್ಬರಿಗೂ ಮರೆತುಹೋಯಿತು.

"ಬಿಟ್ಬಿಡಬೇಕಿತ್ತು ಅತ್ತೆ, ತಪ್ಪಲೇನಾ."

"ಅನ್ನ ಕಣೇ. ಹೆಂಗೆ ಬಿಡ್ಲಿ?"

ಹೊರಗೆ ರೈಲು ಕೂಗಿತು. ವಿಶಾಲಾಕ್ಷಮ್ಮ ಅಭ್ಯಾಸಬಲದಿಂದ, "ಇವತ್ತು ಹತ್ತು ನಿಮಿಷ ಲೇಟು" ಅಂದಳು.

"ಈ ರೈಲಲ್ಲಿ ನೀವು ಕುಂತು ಎಷ್ಟು ದಿನ ಆಯ್ತು ಅತ್ತೆ?"

ವಿಶಾಲಾಕ್ಷಮ್ಮ ಲೆಕ್ಕ ಹಾಕಿದಳು. ಕೂಗಿನಿಂದಲೇ ಇದು ಯಾವ ಗಾಡಿ, ಎಷ್ಟು ಜನ ಊಟಕ್ಕೆ ಬಂದಾರು ಎಂದು ಹೇಳಬಲ್ಲವಳು ಅವಳು. ತರೀಕೆರೆಯಲ್ಲಿ ಅವಳ ಅಕ್ಕ ಕಮಲಾಕ್ಷಮ್ಮನಿಗೆ ಕಾಲು ಬಿದ್ದುಹೋಗಿ ಎರಡು ವರ್ಷ, ಹೋಗಿ ನೋಡಿಲ್ಲ. ಕೊನೆಗೆ ಹೋಗಿದ್ದು ಅಕ್ಕನ ಮಗಳ ಮದುವೆಗೆ. ಆ ಮಗಳ ಮಗು ಈಗ ಮೂರನೇ ಕ್ಲಾಸು.

"ಒಂಬತ್ತೊರ್ಸ" ಅಂದಳು. ಹೇಳಿದ ಮೇಲೆ ಅವಳಿಗೇ ನಂಬಿಕೆ ಬರಲಿಲ್ಲ. ಸ್ಟೇಷನ್ನು ಇರುವುದು ರಸ್ತೆಯ ಆಚೆ.

ತೀರ್ಥಮ್ಮಜ್ಜಿ ಈಳಿಗೆ ಮಡಿಸಿಟ್ಟಳು. "ನಮ್ಮಪ್ಪನ ಮನೇಲಿ ಆರು ಜೊತೆ ಎತ್ತಿದ್ವು" ಅಂದಳು, ಯಾರನ್ನೂ ನೋಡದೆ. "ಸೋಮವಾರ ಅವಕ್ಕೆ ನೊಗ ತೋರಿಸ್ತಿರಲಿಲ್ಲ. ಒಂದ್ಸಲ ನಮ್ಮ ಚಿಕ್ಕಪ್ಪ ಹೂಡಿದ್ದಕ್ಕೆ ನಮ್ಮಪ್ಪ ಮೂರು ತಿಂಗ್ಳು ಅವನ ಜೊತೆ ಊಟಕ್ಕೆ ಕೂರ್ಲಿಲ್ಲ. ನಮ್ಮವ್ವ ಸೋಮವಾರ ಎಷ್ಟೊತ್ತಿಗೆ ಏಳ್ತಿದ್ಲು ಅಂತ ಯಾರೂ ಕೇಳ್ಲಿಲ್ಲ ಬಿಡು. ಅವಳಿಗೆ ಕೊಂಬಿರಲಿಲ್ಲ."

ಕಿಟಕಿಯಾಚೆ ಜೋಡೆತ್ತು ಸೌದೆ ಗಾಡಿಗೆ ಕತ್ತು ಕೊಟ್ಟು ನಿಂತಿದ್ದವು. ಇವತ್ತು ಬುಧವಾರ, ಅವುಗಳ ಕೆಲಸದ ದಿನ. ವಿಶಾಲಾಕ್ಷಮ್ಮ ಅವುಗಳನ್ನು ಬಹಳ ಹೊತ್ತು ನೋಡಿದಳು.

ಗಿರಾಕಿಗಳೆಲ್ಲ ಹೋಗಿ ಶಿವಮೂರ್ತಪ್ಪ ಊಟಕ್ಕೆ ಕೂತಾಗ, ಒದ್ದೆ ಅರಿವೆ ಸುತ್ತಿದ ಕೈಯಲ್ಲೇ ಅವಳು ಬಡಿಸಿದಳು. ಅವನು ಎರಡನೇ ತುತ್ತಿಗೆ ಕೈ ಹಾಕಿದಾಗ ಹೇಳಿದಳು.

"ಬರೋ ಸೋಮವಾರದ ಮುಂದಿನ ಸೋಮವಾರದಿಂದ ಒಲೆ ಹಚ್ಚಲ್ಲ."

"ಯಾಕೆ, ಸೌದೆ ಹಸೀದಾ?"

"ಸೌದೆ ಒಣಗೈತೆ. ಸೋಮವಾರ ರಜ."

ಶಿವಮೂರ್ತಪ್ಪ ತುತ್ತು ಇಳಿಸಿದ. "ಯಾರಿಗೆ?"

"ಎಲ್ರಿಗೂ. ಚೌಡಪ್ಪಂಗೆ, ತಿಮ್ಮಪ್ಪಂಗೆ, ಪಾಪಮ್ಮಂಗೆ, ಸೊಸೇಗೆ. ನಂಗೂ."

"ನಲವತ್ತೊಂಬತ್ತನೇ ಇಸವಿಯಿಂದ ಒಂದಿನ ಆ ಒಲೆ..."

"ಒಲೆಗೆ ಸುಸ್ತಾಗಿಲ್ಲ ಕಣ್ರೀ. ನಂಗಾಗೈತೆ."

"ಮನೆಯವರಿಗೆ ಕಾನೂನಿಲ್ಲ ಅಂತ ಇನ್ಸ್‌ಪೆಕ್ಟರೇ ಹೇಳವ್ರಲ್ಲೇ."

"ಎತ್ತಿಗೆ ಯಾವ ಕಾನೂನೈತೆ? ಅವಕ್ಕೆ ಕೊಡ್ತಿಲ್ವಾ? ನಿಮ್ಮ ದೇವೀರಪ್ಪ ಕಾರ್ಡು ಬರೆದು ಹೇಳಿದ್ರಾ, ಸೋಮವಾರ ಎತ್ತು ಹೂಡಬ್ಯಾಡಿ ಅಂತ?"

ಶಿವಮೂರ್ತಪ್ಪ ತಾಯಿಯ ಕಡೆ ನೋಡಿದ. ತೀರ್ಥಮ್ಮಜ್ಜಿ ಕೇಳದ ಕಿವಿಯನ್ನು ಅವನ ಕಡೆ ಮಾಡಿಕೊಂಡು ಕೂತಿದ್ದಳು.

"ಗಿರಾಕಿ ಕೈಬಿಡ್ತಾರೆ" ಅಂದ.

ಗಲ್ಲಾದ ಪುಸ್ತಕ ತಂದವನು ಬಸವರಾಜ. "ಸೋಮವಾರ ಹದಿನೈದೂಟದ ಮೇಲೆ ಹೋಗಿಲ್ಲ ಅಪ್ಪಾಜಿ, ಮೂರು ತಿಂಗಳಿಂದ. ಸೌದೆ, ಬೇಳೆ ಖರ್ಚು ಕಳೆದ್ರೆ ಒಲೆ ಉರ್ಸಿ ನಾವೇ ದುಡ್ಡು ಕೊಟ್ಟಂಗೆ ಆಗೈತೆ."

"ಹಂಗಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಒಲೆ ಆರಬಾರದು ಅಂತಿದ್ರಲ್ಲ."

ಶಿವಮೂರ್ತಪ್ಪ ಉಂಡು ಎದ್ದ. ಕೈ ತೊಳೆಯುವಾಗ ಹೆಂಡತಿಯ ಕೈಗೆ ಸುತ್ತಿದ ಅರಿವೆ ಕಂಡಿತು. "ಏನಾಯ್ತು ಕೈಗೆ?" ಎಂದು ಕೇಳಿದ. ಬಡಿಸುವಾಗಲೂ ಹಾಗೇ ಇತ್ತೆಂದು ಅವಳು ಹೇಳಲಿಲ್ಲ. "ಗಂಜಿ" ಅಂದಳು. ಅವನು ಒಳಗಿನ ಕಪಾಟಿನಿಂದ ಮುಲಾಮಿನ ಡಬ್ಬಿ ಹುಡುಕಿ ತಂದು ಒಲೆಯ ಕಟ್ಟೆಯ ಮೇಲಿಟ್ಟು ಹೋದ. ಅದು ಮುಲಾಮಲ್ಲ, ಚಪ್ಪಲಿಗೆ ಹಚ್ಚುವ ಪಾಲಿಷು. ಆದರೂ ತಂದಿಟ್ಟದ್ದು ನಿಜ.

ಮಾರನೇ ದಿನ ರಟ್ಟಿನ ಬೋರ್ಡಿನ ಖಾಲಿ ಜಾಗದಲ್ಲಿ ಶಿವಮೂರ್ತಪ್ಪ ದುಂಡಗೆ ಬರೆದ: ವಾರದ ರಜೆ, ಸೋಮವಾರ. ಹಾಜರಿ ಪುಸ್ತಕ ಹೊಸದು ತಂದು ಸೊಸೆಯ ಮುಂದಿಟ್ಟ. "ನೀನೇ ಬರಿ. ಆದ ದಿನದ್ದು ಆದ ದಿನ. ಮುಂಗಡ ಬ್ಯಾಡ." ಅವಳು ಐದು ಹೆಸರು ಬರೆದಳು. ನಾಲ್ಕನೆಯದು ವಿಶಾಲಾಕ್ಷಮ್ಮ, ಐದನೆಯದು ಮಲ್ಲಿಕಾಂಬ. ಶಿವಮೂರ್ತಪ್ಪ ಓದಿ, ಮೀಸೆ ತೀಡಿ, "ಇದು ತಪ್ಪಾದ್ರೆ ದೇವೀರಪ್ಪನವ್ರನ್ನ ಕೇಳ್ಬೇಕಾಗ್ತದೆ" ಅಂದ. ಹೊಡೆದು ಹಾಕಲಿಲ್ಲ.

ಪಂಚಮಿಗೆ ಕಡೂರಿನಿಂದ ಅಣ್ಣ ಬಂದು ಮಲ್ಲಿಕಾಂಬನನ್ನು ಕರೆದುಕೊಂಡು ಹೋದ. ತಿರುಗಿ ಬರುವ ದಿನವನ್ನು ಅವಳು ಹೇಳಿ ಹೋಗಲಿಲ್ಲ. ವಿಶಾಲಾಕ್ಷಮ್ಮ ಮೂರು ದಿನವೂ ಪ್ರತಿ ರೈಲಿನ ಕೂಗಿಗೆ ಬಾಗಿಲ ಕಡೆ ನೋಡಿದಳು, ಯಾಕೆ ಎಂದು ಕೇಳಿದವರಿಗೆ, ಗಿರಾಕಿ ಅಂದಳು. ನಾಲ್ಕನೇ ದಿನ ಸಂಜೆಯ ಗಾಡಿಯಲ್ಲಿ ಮಲ್ಲಿಕಾಂಬ ಒಂದು ಡಬ್ಬಿ ತಂಬಿಟ್ಟು ಹಿಡಿದು ಇಳಿದಳು. ಸೀರೆ ಬದಲಿಸಿ ಬಂದು ಒಲೆಯ ಮುಂದೆ ಕೂತು, "ಬೇಳೆ ಬೆಂದೈತಾ ಅತ್ತೆ?" ಎಂದು ನೇರವಾಗಿ ಅತ್ತೆಯನ್ನೇ ಕೇಳಿದಳು. ಬೀರೂರಿನ ರೂಮಿನ ಮಾತು ಬಸವರಾಜ ಮತ್ತೆ ಎತ್ತಲಿಲ್ಲ.

ಆ ಸೋಮವಾರ ಬೆಳಿಗ್ಗೆ ವಿಶಾಲಾಕ್ಷಮ್ಮನಿಗೆ ನಾಲ್ಕಕ್ಕೇ ಎಚ್ಚರವಾಯಿತು. ಎದ್ದು ಕೂತಳು, ಮಾಡಲು ಏನೂ ಇಲ್ಲದೆ ಮತ್ತೆ ಮಲಗಿದಳು, ಮಲಗಲಾರದೆ ಮತ್ತೆ ಎದ್ದಳು. ಪಟ ಒರೆಸಿದಳು. ಅಂಗಡಿ ಕಾಯ್ದೆಯ ಪಟಕ್ಕೆ ಬಂದಾಗ ವಿಭೂತಿಯನ್ನು ಕಟ್ಟಿನ ಮರದ ಮೇಲೆ ಎಳೆದು, ಗಾಜನ್ನು ಖಾಲಿ ಬಿಟ್ಟಳು.

ಮಲ್ಲಿಕಾಂಬ ಜರಿ ಅಂಚಿನ ಸೀರೆ ಉಟ್ಟು ಬಂದಳು. "ಹೊರಡ್ರಿ ಅತ್ತೆ. ಬೀರೂರಲ್ಲಿಳಿದು ತರೀಕೆರೆ ಗಾಡಿ ಹತ್ತಾಣ. ದೊಡ್ಡಮ್ಮನ್ನ ನೋಡ್ಕಂಡು ಸಂಜೆಗೆ ಬರಾಣ."

"ಬಸ್ಸಿಗೆ ಹೋದ್ರೆ ನೇರ" ಅಂದ ಶಿವಮೂರ್ತಪ್ಪ.

"ರೈಲಿಗೇ" ಅಂದಳು ವಿಶಾಲಾಕ್ಷಮ್ಮ.

"ಅವ್ವಂಗೆ ಊಟ?"

"ಮಗ ಅನ್ನೋನೊಬ್ಬ ಐದಾನಲ್ಲ" ಅಂದಳು ತೀರ್ಥಮ್ಮಜ್ಜಿ, ಕೇಳುವ ಕಿವಿಯ ಕಡೆಯಿಂದ. "ಉಪ್ಪಿಟ್ಟು ಮಾಡೋ ಶಿವಮೂರ್ತಿ. ಖಾನಾವಳಿ ಯಜಮಾನ ಅಂತೀಯಲ್ಲ, ಒಂದ್ಸಲ ತೋರ್ಸು."

ಇವರು ಪ್ಲಾಟ್‌ಫಾರಂನಲ್ಲಿ ಟಿಕೇಟು ಹಿಡಿದು ನಿಂತಿದ್ದಾಗ ಗಾಡಿ ಬಂತು. ಅದರಿಂದ ಇಳಿದವರಲ್ಲಿ ಕೈಚೀಲದ ಸಣಕಲು ಮನುಷ್ಯರೂ ಇದ್ದರು. ಇವರನ್ನು ಅವರು ಗುರುತಿಸಲಿಲ್ಲ, ಬಾಗಿಲ ಸಂದಿಯಲ್ಲಿದ್ದವರನ್ನು ಹೇಗೆ ಗುರುತಿಸಬೇಕು. ಎದುರಿನ ಖಾನಾವಳಿಯ ಹಲಗೆ ಬಾಗಿಲು ಹಾಕಿದ್ದನ್ನು ನೋಡಿ, ಹತ್ತಿರದಲ್ಲಿ ಸಿಕ್ಕಿದವರನ್ನೇ ಕೇಳಿದರು.

"ಯಾಕಮ್ಮಾ, ಖಾನಾವಳಿ ಮುಚ್ಚಿದೆ? ಬಸ್ಸಾರು ಉಂಡು ಆಮೇಲೆ ತನಿಖೆ ಮಾಡೋಣ ಅಂತ ಬಂದೆ."

"ಸೋಮವಾರ ರಜ ಸ್ವಾಮಿ" ಅಂದಳು ವಿಶಾಲಾಕ್ಷಮ್ಮ. "ತಾವೇ ಬರೆದು ಕೊಟ್ಟಿದ್ದು."

ಇನ್ಸ್‌ಪೆಕ್ಟರು ಬಾಗಿಲನ್ನೂ ಅವಳನ್ನೂ ಎರಡೆರಡು ಸಲ ನೋಡಿದರು. "ಅಡಿಗೆ ಮಾಡೋರು..."

"ನಾವೇ. ಪುಸ್ತಕದಲ್ಲಿ ನಮ್ಮ ಹೆಸರೂ ಹಾಕೈತೆ. ತಪ್ಪಾಗ್ತದಾ?"

ಅವರು ಯೋಚಿಸಿದರು. "ಹಾಕಬಾರದು ಅಂತ ಎಲ್ಲೂ ಇಲ್ಲ" ಅಂದರು. ಆಮೇಲೆ ಹೋಗಿ ಸ್ಟೇಷನ್ನಿನ ಮೂಲೆಯಲ್ಲಿ ಎರಡು ಬಾಳೆಹಣ್ಣು ಕೊಂಡರು. ಕಾನೂನು ಇಷ್ಟು ಚೆನ್ನಾಗಿ ಪಾಲನೆಯಾದದ್ದನ್ನು ಕಂಡು ಅಷ್ಟು ಬೇಸರಪಟ್ಟ ಅಧಿಕಾರಿ ಇನ್ನೊಬ್ಬರಿರಲಿಕ್ಕಿಲ್ಲ.

ಬೀರೂರು ಬರುವವರೆಗೂ ವಿಶಾಲಾಕ್ಷಮ್ಮ ಕಿಟಕಿ ಬಿಟ್ಟು ಈಚೆ ತಿರುಗಲಿಲ್ಲ. ಹೊಲಗಳಲ್ಲಿ ಎತ್ತುಗಳು ಬದುವಿನ ಮೇಲೆ ಮೇಯುತ್ತಿದ್ದವು. ತನ್ನ ಅಡಿಗೆಮನೆಗೆ ಕೇಳಿಸುವ ಕೂಗು ರೈಲಿನ ಒಳಗೆ ಕೂತವರಿಗೆ ಬೇರೆ ಥರ ಕೇಳಿಸುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು.

ತರೀಕೆರೆ ಗಾಡಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಸ್ಟೇಷನ್ ರಸ್ತೆಯಲ್ಲಿದ್ದ ಒಂದು ಊಟದ ಹೋಟೆಲಿಗೆ ಮಲ್ಲಿಕಾಂಬ ಅತ್ತೆಯನ್ನು ಕರೆದುಕೊಂಡು ಹೋದಳು. ವಿಶಾಲಾಕ್ಷಮ್ಮ ಬೆಂಚಿನ ತುದಿಯಲ್ಲಿ, ಪಾಪಮ್ಮ ಕೂತಿದ್ದ ಹಾಗೆಯೇ ನೆಟ್ಟಗೆ ಕೂತಳು. ನರೆತ ತಲೆಯ ಬಡಿಸುವವನೊಬ್ಬ ಬಂದು ಎಲೆ ಹಾಕಿ, ಅನ್ನವಿಟ್ಟು, ಹುಳಿ ಹುಯ್ದ. ಅನ್ನದಿಂದ ಹಬೆ ಏಳುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

"ಉಣ್ರಿ ಅತ್ತೆ, ಆರ್ತದೆ."

ಒಂದು ತುತ್ತು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ನುಂಗಿ, ನಿಧಾನವಾಗಿ, "ಬೇಳೆ ಬೆಂದಿಲ್ಲ" ಅಂದಳು. "ಇಂಗು ಜಾಸ್ತಿ" ಎಂದು ಹೇಳುತ್ತಲೇ ಎಲೆ ಚೊಕ್ಕ ಮಾಡಿದಳು.

ನರೆತವನು ಎರಡನೇ ಸಲ ಅನ್ನ ತಂದ. ಅವನ ಮಣಿಕಟ್ಟಿನ ಮೇಲೆ ಸುಟ್ಟ ಹಳೆಯ ಕಲೆಯೊಂದು ಇತ್ತು. ವಿಶಾಲಾಕ್ಷಮ್ಮ ಅದನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಗಲ್ಲಾದ ಮೇಲೆ ಕೂತು ವೀಳ್ಯ ಹಾಕುತ್ತಿದ್ದ ಮಾಲೀಕನನ್ನು ನೋಡಿದಳು. ಆಮೇಲೆ, ಮಾಲೀಕನಿಗೂ ಕೇಳುವಷ್ಟು ಗಟ್ಟಿಯಾಗಿ ಬಡಿಸುವವನನ್ನು ಕೇಳಿದಳು.

"ಏನಪ್ಪಾ, ನಿಂಗೆ ರಜ ಯಾವತ್ತು?"